ಭಂಡಾರ ಹಚ್ಚಿದ ಗುಂಡು

ದೇವದುರ್ಗ
ಡಿಸೆಂಬರ್ 14, 2025

ಮೊಮ್ಮಗಳು ನೇತ್ರಾವತಿಗೆ,

ನಿನ್ನ ಅಜ್ಜಿ ಬೂದೆಮ್ಮ ಬರೆಯುತ್ತಿದ್ದೇನೆ. ಬೀರಪ್ಪನ ದಯೆಯಿಂದ ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ನೀನೂ ಗಟ್ಟಿಯಾಗಿರಬೇಕು. ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು, ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿಮ್ಮಪ್ಪ ಪರಮಣ್ಣ ಹಿಂಡು ಹೊಡೆದುಕೊಂಡು ಕವಿತಾಳದ ಕಡೆ ಹೋಗಿದ್ದಾನೆ. ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಹಿಂಡು ತರುಬಲು ರೈತರು ಕರೆಯುವ ಕಾಲವಿದು. ಮನೆಯಲ್ಲಿ ಉಳಿದ ಕುಂಟು ಕುರಿ, ಎಳೆ ಮರಿಗಳೆಲ್ಲ ನನ್ನ ಪಾಲಿಗೆ.

ಫೋನಿನಲ್ಲೇ ಹೇಳಬಾರದೇ ಎಂದು ನಿಮ್ಮವ್ವ ಕಲ್ಯಾಣಿ ಕೇಳಿದಳು. "ಫೋನಿನ್ಯಾಗ ಆಡಿದ್ದು ಗಾಳಿಗಿ ಹೋಗ್ತದ. ನಾ ಆಡಿದ್ದು ಆಕಿ ಕೈಯಾಗ ಇರಬೇಕು" ಎಂದೆ. "ಹಂಗಾರ ಸ್ವಲ್ಪ ಮೆತ್ತಗ ಬರಿರಿ, ಅತ್ತಿ. ಹುಡುಗಿ ಮದಲೇ ಅತ್ತು ಸೊರಗ್ಯಾಳ" ಎಂದಳು. ಅವಳಿಗೆ ನನ್ನ ಬರಹ ಗೊತ್ತಿಲ್ಲ. ಹತ್ತನೇ ಇಯತ್ತೆಯಲ್ಲಿ ಪತ್ರಲೇಖನಕ್ಕೆ ಬಹುಮಾನ ಪಡೆದವಳು ನಾನು.

ಮೊದಲು ಊರಿನ ಸುದ್ದಿ. ರಾಜ್ಯೋತ್ಸವದ ದಿನ ನಾನು ಓದಿದ ಹೈಸ್ಕೂಲಿನವರು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನನಗಲ್ಲ, ನಿನಗೆ. ಹೆಡ್‌ಮಿಸ್ಟ್ರೆಸ್ ಸುಮಂಗಲಾ ಮೈಕಿನಲ್ಲಿ, "ನಮ್ಮ ತಾಲೂಕಿನ ಕುರಿ ಕಾಯೋರ ಮನಿ ಹುಡುಗಿ ತೋಪಿನ ಗುಂಡು ಮಾಡ್ತಾಳ. ಆ ಕಾರ್ಖಾನಿಯೊಳಗ ಲೇತ್ ಯಂತ್ರ ನಡೆಸೋ ಮದಲನೇ ಹೆಣ್ಣುಮಗಳು" ಎಂದಾಗ ಹುಡುಗಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಒಂದೇ ಮಾತು ಹೇಳಿದೆ: "ನಮ್ಮ ಮನ್ಯಾಗ ಹೆಣ್ಣು ಗಂಡು ಅಂತ ಕೆಲಸ ಹಂಚಿಲ್ಲ. ತೋಳ ಬಂದಾಗ ಯಾರ ಕೈಯಾಗ ಬಡಿಗಿ ಇರ್ತದೋ ಅವರೇ ಹೋಗ್ತಾರ." ಅದಕ್ಕೂ ಚಪ್ಪಾಳೆ ಬಂತು.

ಆಯುಧಪೂಜೆಯ ಕಥೆಯನ್ನೂ ಅಲ್ಲಿ ಹೇಳಿದೆ. ನಿಮ್ಮ ಕಾರ್ಖಾನೆಯವರು ಮನೆಯವರನ್ನೆಲ್ಲ ಕರೆದಿದ್ದರಲ್ಲ, ಆ ದಿನದ್ದು. ನನ್ನ ಸೊಂಟದ ಎತ್ತರಕ್ಕೆ ಸಾಲಾಗಿ ನಿಲ್ಲಿಸಿದ ಗುಂಡುಗಳು, ಹೊಳೆಯುವ ಉಕ್ಕು. "ಇವು ಬರೇ ಚಿಪ್ಪು ಅಜ್ಜಿ, ಮದ್ದು ಬ್ಯಾರೆ ಕಡಿ ತುಂಬ್ತಾರ" ಎಂದು ನೀನು ಅಂದೆ. ನಾನು ಸೆರಗಿನ ಗಂಟು ಬಿಚ್ಚಿ, ನೀನು ಕಡೆದ ಗುಂಡಿಗೆ ಬೀರಪ್ಪನ ಗುಡಿಯ ಅರಿಸಿನ, ಭಂಡಾರ ಹಚ್ಚಿದೆ. ಹಿಂಡು ಮಳೆಗಾಲದಲ್ಲಿ ಊರು ಬಿಟ್ಟು ಹೊರಡುವಾಗ ಟಗರಿನ ಹಣೆಗೆ ಅರಿಸಿನ ಹಚ್ಚಿ, "ಹೋಗಿ ಬಾ, ಯಾರ ಕಣ್ಣೂ ತಾಗದಿರಲಿ" ಎನ್ನುತ್ತೇವಲ್ಲ, ಅದೇ ಮಾತನ್ನು ಗುಂಡಿಗೂ ಹೇಳಿದೆ. ನಿಮ್ಮ ಸಾಹೇಬರು ನಕ್ಕು ಫೋಟೋ ತೆಗೆಸಿಕೊಂಡರು. ನಮ್ಮ ಗಡಿ ಕಾಯಲು ಹೋಗುವ ಗುಂಡು ಎಂದೇ ನಾನು ತಿಳಿದಿದ್ದೆ.

ಇನ್ನು ನಿನ್ನ ಪತ್ರದ ವಿಷಯ. ನೀನು ಬರೆದದ್ದನ್ನು ನಾನು ಎರಡೆರಡು ಸಲ ಓದಿದ್ದೇನೆ. ಗುಂಡುಗಳು ನಮ್ಮ ಸೈನ್ಯಕ್ಕಲ್ಲ, ಹಡಗು ಹತ್ತಿ ಕಡಲಾಚೆ ಇನ್ಯಾರದೋ ಯುದ್ಧಕ್ಕೆ ಹೋಗುತ್ತವೆ. ಅಲ್ಲಿ ಹೆಚ್ಚು ಖರ್ಚಾದಷ್ಟೂ ಇಲ್ಲಿ ಪಾಳಿ ಹೆಚ್ಚುತ್ತದೆ. "ಮೂರನೇ ಪಾಳಿ ಸುರುವಾದ ದಿನ ಎಲ್ಲರಿಗೂ ಪೇಡೆ ಹಂಚಿದರು. ನಾನು ನನ್ನದನ್ನು ತಿನ್ನದೆ ಡಬ್ಬಿಯಲ್ಲೇ ವಾಪಸ್ ಇಟ್ಟೆ. ಕೆಲಸ ಬಿಟ್ಟು ಬರಲೇ, ಅಜ್ಜಿ?" ಎಂದು ಕೇಳಿದ್ದೀ.

ಪತ್ರ ಬರೆಯುವ ಮೊದಲು ನೀನು ಇದನ್ನೇ ಫೋನಿನಲ್ಲಿ ಕೇಳಿದಾಗ, "ಕೆಲಸ ಬಿಟ್ಟು ಬಂದ್ರ ಹೊಸ್ತಿಲ ಹೊರಗೇ ನಿಲ್ಲು" ಎಂದಿದ್ದೆ. ಊರೆಲ್ಲ ಹೊಗಳುವ ಕೆಲಸವನ್ನು ಒಂದು ಪೇಡೆಗಾಗಿ ಬಿಡುತ್ತಾಳಲ್ಲ ಎಂದು ಸಿಟ್ಟು ಬಂದಿತ್ತು.

ಆಮೇಲೆ ನಾನು ಟಿವಿ ಹಚ್ಚಿ ಆ ಯುದ್ಧದ ಸುದ್ದಿ ನೋಡತೊಡಗಿದೆ. ಎಂಥ ಜನವೇ ಯವ್ವಾ! ಈ ಕಡೆಯವರು ಆ ಕಡೆ ಸತ್ತವರನ್ನು ಎಣಿಸುತ್ತಾರೆ, ಆ ಕಡೆಯವರು ಈ ಕಡೆಯವರನ್ನು. ತಮ್ಮ ಸತ್ತವರ ಲೆಕ್ಕ ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕುರುಬನೊಬ್ಬ ಹೀಗೆ ತನ್ನ ಹಿಂಡಿನಲ್ಲಿ ಸತ್ತದ್ದನ್ನು ಮುಚ್ಚಿಟ್ಟು ಪಕ್ಕದ ಹಿಂಡಿನ ಸಾವು ಸಾರುತ್ತ ಬಂದರೆ ನಾವು ಹಟ್ಟಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಹೋದ ಸಂತೆಯಲ್ಲಿ ಒಂದು ಸಂಗತಿ ನಡೆಯಿತು. ಬಿಳಿ ಮೋರೆಯ ಕುರಿ ಕಾಲು ಕುಂಟಿ ಹಿಂಡಿನ ಜೊತೆ ನಡೆಯಲಾರದೆ ಮನೆಯಲ್ಲಿತ್ತು. ಗಬ್ಬವಾಗಿದೆ. ಹೊಲಮನೆಯವರು ಯಾರಾದರೂ ಕಟ್ಟಿ ಮೇಯಿಸಲಿ ಎಂದು ಮಾರಲು ಒಯ್ದೆ. ಲಾರಿ ತುಂಬಿಸಿ ಹೈದರಾಬಾದಿಗೆ ಕಳಿಸುವ ದಲಾಲ ಉರುಕುಂದಪ್ಪ ಬಂದ. ನಮ್ಮ ಮನೆಯ ಪದ್ಧತಿಯಂತೆ ಕೇಳಿದೆ:

"ಕಡಿಯಾಕೋ, ಸಾಕಾಕೋ?"

"ಸಾಕಾಕ ಬೇ ಯವ್ವಾ."

"ಭಂಡಾರ ಮುಟ್ಟಿ ಹೇಳು."

ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ಕೊಂಡ ಮ್ಯಾಲ ಕುರಿ ನಂದು. ಎಲ್ಲಿ ಹೋಗ್ತದ ಅಂತ ನಿನಗ್ಯಾಕ ಪಂಚಾಯ್ತಿ?"

"ನನ್ನ ಮನ್ಯಾಗ ಹುಟ್ಟಿದ್ದು. ಕೇಳೇ ಕೇಳ್ತೀನಿ."

ಸುತ್ತ ಜನ ನೆರೆದಿದ್ದರು. ಉರುಕುಂದಪ್ಪ ಅವರ ಕಡೆ ತಿರುಗಿ, "ಕೇಳಿದ್ರೇನಪ್ಪಾ? ಕುಂಟ ಕುರಿಗಿ ಇಷ್ಟು ಕಾಯ್ದಿ. ಮಮ್ಮಗಳು ಮಾಡೋ ಗುಂಡು ಎಲ್ಲಿ ಹೋಗ್ತಾವ ಅಂತ ಕೇಳ್ಯಾಳೇನು ಈ ಮುದುಕಿ? ಅವಕ್ಕ ತಾನೇ ಭಂಡಾರ ಹಚ್ಚಿ ಬಂದಾಳಂತ. ಅವೇನು ಸಾಕಾಕ ಹೋದವೇನು?" ಎಂದ.

ಎಲ್ಲರೂ ನಕ್ಕರು. ನಾನು, "ಕುರಿ ಮ್ಯಾಲಿನ ಕಣ್ಣು ತೆಗಿ ಲೇ" ಎಂದಷ್ಟೇ ಹೇಳಿ ಹಗ್ಗ ಹಿಡಿದು ಸಂತೆಯ ನಡುವಿನಿಂದಲೇ ಮನೆಗೆ ಬಂದೆ. ಪಕ್ಕದ ಓಣಿಯಿಂದ ಬರಬಹುದಿತ್ತು, ಬರಲಿಲ್ಲ.

ದಲಾಲನ ಮಾತು ಎಂದು ಅದನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಭಂಡಾರ ಹಚ್ಚಿದ ಜೀವಕ್ಕೆ ನಮ್ಮಲ್ಲಿ ಯಾರೂ ಕತ್ತಿ ಮುಟ್ಟಿಸುವುದಿಲ್ಲ. ಅದು ದೇವರದು, ಬದುಕಬೇಕಾದದ್ದು. ಅಂಥ ಭಂಡಾರವನ್ನು ನಾನು ಕಡಿಯಲಿಕ್ಕೆಂದೇ ಹುಟ್ಟಿದ ವಸ್ತುವಿಗೆ ಹಚ್ಚಿದೆ, ಅದೂ ಎಲ್ಲಿಗೆ ಹೋಗುತ್ತದೆಂದು ಕೇಳದೆ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಕೇಳಿದವಳು ನೀನೊಬ್ಬಳೇ.

ಆದ್ದರಿಂದ ಈಗ ನಾನು ಹೇಳುವುದನ್ನು ಸರಿಯಾಗಿ ಕೇಳು. ಸೈನ್ಯಕ್ಕೆ ಆಯುಧ ಬೇಡ ಎನ್ನುವವಳಲ್ಲ ನಾನು. ತೋಳವಿರುವ ತನಕ ಬಡಿಗೆ ಬೇಕು. ನಮ್ಮ ಗಡಿಗೆ ಹೋಗುವ ಗುಂಡಾದರೆ ಮೂರು ಪಾಳಿಯೂ ನಿಂತು ಮಾಡು, ನಾನೇ ಬುತ್ತಿ ಕಟ್ಟಿ ಕಳಿಸುತ್ತೇನೆ. ಆದರೆ ನಿನ್ನ ಕೈಯಿಂದ ಹೋದದ್ದು ಯಾರ ಮೇಲೆ ಬೀಳುತ್ತದೆಂದು ಕೇಳುವ ಹಕ್ಕು ನಿನಗಿದೆ. ಸಾಹೇಬರ ಮುಂದೆ ನಿಂತು, ಅಳದೆ, ಕೇಳು. "ನಿನಗ್ಯಾಕೆ?" ಎಂದು ಅವರೂ ಅಂದರೆ ರಾಜೀನಾಮೆ ಕೊಟ್ಟು ಬಾ. ಕದ್ದು ಮುಚ್ಚಿ ಬರಬೇಡ. ಹಗಲು ಬಸ್ಸಿಗೆ ಬಾ, ಊರು ನೋಡಲಿ. ಬಸ್‌ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಯಾರಾದರೂ "ಯಾಕ ಬಂದ್ಳು?" ಎಂದರೆ ಉತ್ತರ ಕೊಡುವುದು ನನ್ನ ಕೆಲಸ. ಲೇತ್ ಕಲಿತ ಕೈ ಎಲ್ಲಿ ಹೋದರೂ ಉಣ್ಣುತ್ತದೆ. ರಾಯಚೂರಿನಲ್ಲಿ ಪಂಪು, ಟ್ರ್ಯಾಕ್ಟರು ರಿಪೇರಿ ಮಾಡುವ ಅಂಗಡಿಗಳಿಗೆ ಬರವಿಲ್ಲ.

ಶಾಲು ಹೊದಿಸಿದಾಗ ಆದದ್ದಕ್ಕಿಂತ ಹೆಚ್ಚಿನ ಹೆಮ್ಮೆ ನಿನ್ನ ಪತ್ರ ಓದಿ ನನಗಾಗಿದೆ. ಇದನ್ನು ನಾನು ಬಾಯಿ ಬಿಟ್ಟು ಹೇಳುವವಳಲ್ಲ, ಅದಕ್ಕೇ ಬರೆದಿದ್ದೇನೆ. ಫೋನಿನಲ್ಲಿ ನಿಮ್ಮವ್ವನಿಗೆ ಓದಿ ಹೇಳಬೇಡ.

ಹೊಟ್ಟೆ ತುಂಬ ಉಣ್ಣು. ಬೀರಪ್ಪ ನಿನ್ನ ಬೆನ್ನಿಗಿರಲಿ, ನಿನ್ನ ತಲೆ ಎಂದೂ ಬಾಗದಿರಲಿ.

ನಿನ್ನ ಅಜ್ಜಿ,
ಬೂದೆಮ್ಮ

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆ ಸಂತೆಯ ಮುಂಚಿನ ವಾರ ಮಾನ್ವಿಯಲ್ಲಿ ನಿನ್ನ ಸೋದರತ್ತೆ ಚಂದ್ರಕಲಾಳ ಮನೆಗೆ ಹೋಗಿ, ಅಲ್ಲಿಂದ ಕಣ್ಣು ತೋರಿಸಲು ರಾಯಚೂರಿಗೆ ಹೊರಟಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕ ಪೋತ್ನಾಳದ ಶಹಜಾದಿ ಬೇಗಂ ಎಂಬ ಹೆಣ್ಣುಮಗಳು ಕೂತಿದ್ದಳು. ನಾನು ಎಂದಿನಂತೆ ನಿನ್ನ ಬಗ್ಗೆ, ಕಡಲಾಚೆಯ ಯುದ್ಧಕ್ಕೆ ಹೋಗುವ ಗುಂಡಿನ ಬಗ್ಗೆ ಹೇಳಿದೆ, ಫೋಟೋ ತೋರಿಸಿದೆ. ಅವಳು ಫೋಟೋವನ್ನು ಕೈಗೆ ತೆಗೆದುಕೊಂಡು ತನ್ನ ಮಗನ ಸಂಗತಿ ಹೇಳಿದಳು. ಅವಳ ಮಗ ಗೋದಾಮಿನ ಕೆಲಸವೆಂದು ಹೊರದೇಶಕ್ಕೆ ಹೋದವನು. ಏಜೆಂಟ್ ಸುಳ್ಳು ಹೇಳಿ ಅದೇ ಯುದ್ಧಕ್ಕೆ ದೂಡಿದ್ದಾನೆ. ರಂಜಾನಿನಿಂದ ಅವನ ಫೋನಿಲ್ಲ. ಅರ್ಜಿ ಹಿಡಿದು ಜಿಲ್ಲಾ ಕಚೇರಿಗೆ ಹೊರಟಿದ್ದಳು. "ನಿಮ್ಮ ಹುಡುಗಿ ಮಾಡೋ ಗುಂಡು ಯಾವ ಕಡಿಯೋರಿಗಿ ಹೋಗ್ತಾವ್ರೀ, ಅಕ್ಕಾರ?" ಎಂದು ಕೇಳಿದಳು. ನನಗೆ ಗೊತ್ತಿಲ್ಲವೆಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಇಳಿಯುವಾಗ ಫೋಟೋವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು, "ಹುಡುಗಿಗಿ ಹೇಳ್ರಿ, ಅಲ್ಲಿ ನನ್ನ ಮಗ ಅದಾನಂತ. ಇಮ್ತಿಯಾಜ್ ಅಂತ ಅವನ ಹೆಸರು" ಎಂದಳು.

ಹೇಳಿದ್ದೇನೆ.