ಏಳು ಸೆಕೆಂಡು ಯಾಕೆ ಕಾಯುತ್ತಿದ್ದೆ?

ತಮ್ಮಾ ವೀರೇಶ,

ನೀನು ಹೋಗಿ ಎಂಟು ತಿಂಗಳಾದ ಮೇಲೆ ನಿನ್ನ ಹೆಸರಿಗೊಂದು ಈಮೇಲ್ ಬಂತು. ನಿನ್ನ ಫೋನು ಈಗ ನನ್ನ ಹತ್ತಿರ ಇದೆ. ಕಂಪ್ಲಿಯ ಅಂಚೆ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ, ಯಾಕೆ ಅಂತ ಮಾತ್ರ ಕೇಳಬೇಡ. 'ನೀವು ಬರೆದ ತಕ್ಕಡಿ ಎಂಬ ಪ್ರೋಗ್ರಾಮಿನ ಬಗ್ಗೆ ಮಾತಾಡಬೇಕಿತ್ತು. ಇದು ನಮ್ಮ ಮೂರನೇ ಪತ್ರ' ಅಂತ ಇಂಗ್ಲಿಷಿನಲ್ಲಿತ್ತು. ಮೊದಲಿನ ಎರಡನ್ನು ಜಾಹೀರಾತು ಅಂತ ನಾನು ತೆರೆದಿರಲಿಲ್ಲ. ಕೆಳಗೆ ಯಾವುದೋ ಸಂಸ್ಥೆಯ ಹೆಸರು, ಲಾಭಕ್ಕಾಗಿ ಅಲ್ಲ ಅಂತ ಬೇರೆ ಬರೆದಿದ್ದರು. ಲಾಭವಿಲ್ಲದೆ ಯಾರಾದರೂ ಮೂರು ಸಲ ಪತ್ರ ಬರೆಯುತ್ತಾರಾ? ಒಟಿಪಿ ಕೇಳುವ ಕಳ್ಳರೇ ಇರಬೇಕು ಅಂದುಕೊಂಡು 'ನಮಗೇನೂ ಬೇಡ' ಅಂತ ಕನ್ನಡದಲ್ಲೇ ಒಂದು ಸಾಲು ಹಾಕಿ ಸುಮ್ಮನಾದೆ. ಮಾರನೇ ದಿನ ಕನ್ನಡದಲ್ಲೇ ಉತ್ತರ ಬಂತು: 'ನೀವು ವೀರೇಶ್ ಅವರಾ, ಅವರ ಮನೆಯವರಾ?' ಕಳ್ಳರು ಹಾಗೆ ಕೇಳುವುದಿಲ್ಲ ಅನ್ನಿಸಿತು.

ನೆನಪಿದೆಯಾ, ಹಂಪಿಯಲ್ಲಿ ಹೊಳೆದಂಡೆಯ ಬಂಡೆ ಮೇಲೆ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತ ಈ ತಕ್ಕಡಿಯ ಸುದ್ದಿಯನ್ನು ನೀನು ನನಗೆ ಮೊದಲು ಹೇಳಿದ್ದೆ. ತೂಕದ ಯಂತ್ರ ತೋರಿಸುವ ಅಂಕಿಯನ್ನು ಕಂಪ್ಯೂಟರ್ ತಾನೇ ಓದಿಕೊಳ್ಳುವ ಹಾಗೆ ನೀನೇ ಬರೆದ ಪ್ರೋಗ್ರಾಮು ಅದು. ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಲಿ ಅಂತ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದೆ.

"ಪುಕ್ಕಟೆ ಯಾಕ ಕೊಡ್ತಿಯೋ?" ಅಂತ ಕೇಳಿದೆ.

"ನಾ ಕಲ್ತಿದ್ದೂ ಪುಕ್ಕಟೇನ ಅಕ್ಕಾ. ಯಾರ್ಯಾರೋ ಬರದು ಇಟ್ಟಿದ್ರು, ನೋಡಿ ನೋಡಿ ಕಲ್ತೆ."

"ಹಂಗಾರ ಯಾರರ ಬಂದು ಕೆಡಿಸಿದ್ರ?"

"ತಿದ್ದಿ ಕಳಿಸ್ತಾರ. ಒಳಗ ಬಿಡಾಂವ ಮಾತ್ರ ನಾನೊಬ್ಬನ. ಕಾಟಾದ ಮ್ಯಾಲೆ ಒಂದ ಕೈ ಇರಬೇಕು."

ಯಶವಂತನಗರದಲ್ಲಿ ಅದಿರಿನ ಲಾರಿ ತೂಗುವ ಕಾಟಾದಲ್ಲಿ ನಿನ್ನ ಕೆಲಸ. ಒಂದು ಪಾಳಿಗೆ ಒಬ್ಬನೇ ಆಪರೇಟರ್, ಅವನದೇ ಪಾಸ್‌ವರ್ಡ್. ಎರಡು ಕೈ ಆಡಿದರೆ ತೂಕ ಹೆಚ್ಚುಕಮ್ಮಿಯಾದಾಗ ಯಾರನ್ನು ಕೇಳುವುದು? ಆ ನೇಮವನ್ನು ನೀನು ಹೆಂಡತಿಯಿಲ್ಲದ ಮನೆಗೂ ತಂದವನು, ಟೀವಿಯ ರಿಮೋಟನ್ನೂ ಯಾರಿಗೂ ಕೊಡುತ್ತಿರಲಿಲ್ಲ. ನನಗಂತೂ ಅವತ್ತು ಹೆಮ್ಮೆಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಸಂಸ್ಥೆಯಿಂದ ವಿಡಿಯೋ ಕಾಲಿಗೆ ಬಂದಾಕೆ ಗದಗಿನ ಕಡೆಯ ಸುಮಂಗಲಾ ಅಂತ. ಕಾಲೇಜಿನಲ್ಲಿ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಇವರ ಕೆಲಸ ಮಾಡುತ್ತಾಳೆ. ನೀನಿಲ್ಲ ಅಂದೆ. ಯಾವಾಗ, ಹೇಗೆ ಅಂತ ವಿಚಾರಿಸಿದಳು. ಆಮೇಲೆ ವಿಷಯ ಹೇಳಿದಳು. ನೀನು ಯಾವ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆದಿದ್ದೆಯೋ ಅದರ ಹೊಸ ಆವೃತ್ತಿ ಬಂದಿದೆಯಂತೆ, ಹೊಸ ಕಂಪ್ಯೂಟರುಗಳಲ್ಲಿ ತಕ್ಕಡಿ ಏಳುವುದೇ ಇಲ್ಲವಂತೆ. ಕೀನ್ಯಾದ ಒಂದು ಕಾಫಿ ಸೊಸೈಟಿಯಲ್ಲಿ ಲೆಕ್ಕ ನೋಡುವ ಹೆಂಗಸು ಅದನ್ನು ಸರಿ ಮಾಡಿ ಇಟ್ಟುಕೊಂಡಿದ್ದಾಳೆ. ಆದರೆ ತಕ್ಕಡಿ ಎಂಬ ಹೆಸರಿನಲ್ಲಿ ಹೊರಗೆ ಬಿಡಲು ನಿನ್ನ ಕೀಲಿ, ಅಂದರೆ ಪಾಸ್‌ವರ್ಡ್ ಬೇಕು.

"ಬ್ಯಾರೆ ಹೆಸರಿಟ್ಟು ಬಿಡಬಹುದಲ್ರಿ?" ಅಂದೆ.

"ಬಿಡಬಹುದ್ರಿ ಅಕ್ಕಾರ. ಆದ್ರ ಎಲ್ಲಾ ಕಡಿ ಕಂಪ್ಯೂಟರು ಹುಡುಕೋದು ಹಳೇ ಹೆಸರನ್ನ. ಹೊಸಾದು ಬಂದೈತಿ ಅಂತ ಅವಕ್ಕ ಯಾರು ಹೇಳ್ಬೇಕು?"

ನನ್ನ ಕುತೂಹಲ ನಿನಗೆ ಗೊತ್ತಲ್ಲ, ಅಷ್ಟಕ್ಕೆ ಬಿಡುವವಳೇ ನಾನು? "ನೀವು ಪ್ರೋಗ್ರಾಮು ಬರಿಯಂಗಿಲ್ಲ, ಮಾರಂಗಿಲ್ಲ, ನಿಮ್ದೂ ಅಲ್ಲ ಅಂತೀರಿ. ಮತ್ತ ನೀವು ಮಾಡಾದೇನ್ರಿ?" ಅಂತ ಕೇಳಿಯೇ ಬಿಟ್ಟೆ. ಅವಳು ನಕ್ಕಳು.

"ಎಲ್ಲಾರಿಗೂ ಬೇಕು, ಯಾರಿಗೂ ಪುರುಸೊತ್ತಿಲ್ಲ ಅನ್ನೋ ಕೆಲಸ ಐತಲ್ರಿ, ಅದು."

ಇಂಥ ಪ್ರೋಗ್ರಾಮುಗಳನ್ನು ಇಡುವ ದೊಡ್ಡ ಉಗ್ರಾಣದಂಥ ಕಂಪ್ಯೂಟರುಗಳನ್ನು ಅವರು ನೋಡಿಕೊಳ್ಳುತ್ತಾರೆ. ಭಾಷೆಯ ಹೆಸರನ್ನು ಯಾವ ಕಂಪನಿಯೂ ತನ್ನದು ಅನ್ನದ ಹಾಗೆ ಕಾಯುತ್ತಾರೆ. ಜಗಳವಾದರೆ ಕೂರಿಸಿ ಮಾತಾಡಿಸುತ್ತಾರೆ. ಊರೂರಲ್ಲಿ ಕಲಿಯುವವರು ಸೇರಿದರೆ ಜಾಗ, ಊಟ, ಪ್ರೊಜೆಕ್ಟರು ಹೊಂದಿಸಿಕೊಡುತ್ತಾರೆ. ದೇಣಿಗೆಯಿಂದ ನಡೆಯುತ್ತದಂತೆ. ಇಷ್ಟು ದೊಡ್ಡ ಸಂಸಾರದಲ್ಲಿ ನೀನಿದ್ದೆ, ನನಗೆ ಒಂದು ಮಾತೂ ಹೇಳಲಿಲ್ಲ. ಅಥವಾ ನಿನಗೇ ಗೊತ್ತಿರಲಿಲ್ಲವೋ?

ಸಂಡೂರಿನ ನಿನ್ನ ರೂಮು ಖಾಲಿ ಮಾಡಿದ ದಿನ ಡೈರಿಯೊಂದು ಸಿಕ್ಕಿತ್ತು. ಕೊನೆಯ ಪುಟದಲ್ಲಿ 'ತಕ್ಕಡಿ' ಅಂತ ಬರೆದು ಕೆಳಗೆ ಅಕ್ಷರ, ಅಂಕಿ ಎಲ್ಲ ಕಲಸಿದ ಒಂದು ಸಾಲು. ಅದೇ ಕೀಲಿ ಅಂತ ಈಗ ನನಗೆ ಗೊತ್ತಾಯಿತು. ಎರಡು ದಿನ ಒದ್ದಾಡಿದೆ. ಕೊಟ್ಟರೆ ನೀನು ಪ್ರಾಣ ಇರುವ ತನಕ ಕಾಯ್ದ ನೇಮವನ್ನು ಅಕ್ಕನೇ ಮುರಿದ ಹಾಗೆ. ಕೊಡದಿದ್ದರೆ ನಿನ್ನ ಕೈಯಿಂದ ಆದ ಒಂದೇ ಒಂದು ದೊಡ್ಡ ಕೆಲಸ ಕಣ್ಣ ಮುಂದೆ ಸಾಯುತ್ತದೆ. ಮೂರನೇ ದಿನ ಮನಸ್ಸು ಗಟ್ಟಿ ಮಾಡಿ ಸುಮಂಗಲಾಗೆ ಫೋನು ಮಾಡಿದೆ.

"ಓದಿ ಹೇಳ್ತೀನಿ, ಬರಕೊಳ್ರಿ."

"ಬ್ಯಾಡ್ರಿ ಅಕ್ಕಾರ, ಓದಬ್ಯಾಡ್ರಿ. ನಮಗ ಅದು ಬ್ಯಾಡ."

ನಾನು ದಂಗಾದೆ. ಅದಕ್ಕಾಗಿಯೇ ಅಲ್ಲವಾ ಇಷ್ಟು ದಿನ ಬೆನ್ನು ಹತ್ತಿದ್ದು?

"ಅವರ ಕೀಲೀಲಿ ತಗದ್ರ ವೀರೇಶಣ್ಣಾರ ಬಂದು ತಗದಂಗ ಕಾಣತೈತ್ರಿ. ಸತ್ತವರ ಹೆಸರಿನ್ಯಾಗ ಸಹಿ ಮಾಡಿದಂಗ. ಇವತ್ತು ಒಳ್ಳೇದಕ್ಕ ಅಂತ ಮಾಡಿದ್ರ ನಾಳೆ ನಮ್ಮನ್ನ ಯಾರು ನಂಬ್ತಾರ? ಎಲ್ಲಾರಿಗೂ ಕಾಣೋ ಹಂಗ ಮಾಡೋಣು. ನೀವು ಒಂದು ಕಾಗದ ಬರದುಕೊಡ್ರಿ, ಸಾಕು."

ಅವರ ಕ್ರಮ ಹೀಗಿದೆ. ಮನೆಯವರ ಕಾಗದವನ್ನು ಎಲ್ಲರೂ ನೋಡುವ ಕಡೆ ಹಾಕುತ್ತಾರೆ. ಆರು ವಾರ ಕಾಯುತ್ತಾರೆ. ತಕರಾರು ಬರದಿದ್ದರೆ ಹೊಸಬರಿಗೆ ಹೊಸ ಕೀಲಿ ಕೊಟ್ಟು ಹಳೆಯದನ್ನು ರದ್ದು ಮಾಡುತ್ತಾರೆ. ನಿನ್ನ ನೇಮವೂ ಮುರಿಯಲಿಲ್ಲ, ಬಾಗಿಲೂ ತೆರೆಯಿತು. ನನಗೆ ಎಷ್ಟು ಹಗುರಾಯಿತು ಅಂದರೆ ಫೋನು ಇಟ್ಟ ಮೇಲೆ ಅತ್ತುಬಿಟ್ಟೆ.

ಅಂಚೆ ಕಚೇರಿಗೆ ಸೇರಿದ ಹೊಸದರಲ್ಲಿ ನನಗೆ ಕಲಿಸಿದ ಮೊದಲ ಕೆಲಸಗಳಲ್ಲಿ ಒಂದು, ತಲುಪದ ಲಕೋಟೆಯ ಮೇಲೆ ಕಾರಣ ಬರೆದು ವಾಪಸು ಕಳಿಸುವುದು. 'ವಿಳಾಸದಾರರು ಮೃತರು' ಅಂತ ಎಷ್ಟು ಲಕೋಟೆಗಳ ಮೇಲೆ ಬರೆದಿದ್ದೇನೋ. ನಿನ್ನ ಬಗ್ಗೆ ಆ ಮಾತು ಬರೆಯಲು ಒಂದು ಭಾನುವಾರವೆಲ್ಲ ಹಿಡಿಯಿತು. 'ನನ್ನ ತಮ್ಮ ವೀರೇಶ ತೀರಿಕೊಂಡಿದ್ದಾನೆ. ತಕ್ಕಡಿಯನ್ನು ಒಳ್ಳೆಯವರು ನೋಡಿಕೊಂಡರೆ ನಮ್ಮ ತಕರಾರಿಲ್ಲ.' ಕನ್ನಡದಲ್ಲೇ ಬರೆದೆ, ಹಾಗೆಯೇ ಹಾಕಿದರು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ. ಕಂಡು ಕೇಳರಿಯದ ಊರುಗಳಿಂದ ಜನ ನಿನಗೆ ನಮಸ್ಕಾರ ಹೇಳಿದ್ದಾರೆ ಕಣೋ.

ಕಾಯುವ ಆ ಆರು ವಾರದಲ್ಲಿ ನಿನ್ನ ಹಳೆಯ ಪತ್ರವ್ಯವಹಾರವನ್ನೆಲ್ಲ ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದಿದೆ. ಕೀನ್ಯಾದ ಆ ಹೆಂಗಸು ನಾಲ್ಕು ಸಲ ಕೇಳಿದ್ದಾಳೆ, 'ನಿಮ್ಮ ಜೊತೆ ನಾನೂ ಹೊಣೆ ಹೊರಲಾ?' ಅಂತ. ನಾಲ್ಕೂ ಸಲ ನೀನು ಬರೆದಿದ್ದೀಯ, 'ಧನ್ಯವಾದ ಮೇಡಂ, ನಾನೇ ನೋಡಿಕೊಳ್ಳುತ್ತೇನೆ.' ಕೊನೆಯದು ನೀನು ಹೋಗುವ ವಾರ. ಏನು ನೋಡಿಕೊಂಡೆ ವೀರೇಶ? ನಿನ್ನ ಎದೆನೋವನ್ನೇ ನೋಡಿಕೊಳ್ಳಲಿಲ್ಲ. ಕಾಟಾದಲ್ಲಿ ಕಳ್ಳರಿರುತ್ತಾರೆ, ಅಲ್ಲಿ ಒಂದು ಕೈ ಸರಿ. ಕೊಡಲು ಬಂದವರ ನಡುವೆಯೂ ಅದೇ ನೇಮ ಹಿಡಿದು ಕೂತೆಯಲ್ಲ... ಸಿಟ್ಟು ಬಂತು. ಈಗಲೂ ಇದೆ.

ಹೊಸಪೇಟೆಯಲ್ಲಿ ಕಳೆದ ತಿಂಗಳು ಒಂದು ದಿನದ ಕೂಟ ಏರ್ಪಡಿಸಿದ್ದರು, ರಜೆ ಹಾಕಿ ಹೋಗಿದ್ದೆ. ಅಷ್ಟರಲ್ಲಿ ತಕ್ಕಡಿಯ ಹೊಣೆ ಹೊತ್ತವರು ಮೂವರು ಆಗಿದ್ದರು: ಕೀನ್ಯಾದಾಕೆ, ಕೊಯಮತ್ತೂರಿನ ಒಬ್ಬರು ಮೇಷ್ಟ್ರು, ಮತ್ತು ಮೆಟ್ರಿಯ ರೈಸ್ ಮಿಲ್ಲಿನಲ್ಲಿ ಭತ್ತ ತೂಗುವ ಹುಲಿಗೆಮ್ಮ. ಒಬ್ಬರೇ ಏನನ್ನೂ ಹೊರಗೆ ಬಿಡುವಂತಿಲ್ಲ, ಇನ್ನೊಬ್ಬರು ನೋಡಿ ಹೂಂ ಅನ್ನಬೇಕು. ಕೀನ್ಯಾದಾಕೆ ಪರದೆಯ ಮೇಲೆ ಬಂದಿದ್ದಳು. ಅವತ್ತು ಒಂದು ಸಾಲಿನ ಮೇಲೆ ಚರ್ಚೆ ಹತ್ತಿತು. ತೂಕ ಓದುವ ಮೊದಲು ತಕ್ಕಡಿ ಏಳು ಸೆಕೆಂಡು ಸುಮ್ಮನೆ ಕಾಯುತ್ತದೆ. ಯಾಕೆ ಅಂತ ನೀನು ಎಲ್ಲೂ ಬರೆದಿಲ್ಲ. ತಪ್ಪಿರಬೇಕು, ತೆಗೆದುಹಾಕೋಣ ಅಂದರು ಮೇಷ್ಟ್ರು.

"ನಾನೂ ದಿನಾ ಬೈಕೋತೀನ್ರಿ, ಏನು ನಿದ್ದಿ ಹೊಡಿತೈತೇನು ಇದು ಅಂತ," ಅಂದಳು ಹುಲಿಗೆಮ್ಮ.

ಯಶವಂತನಗರಕ್ಕೆ ನಿನಗೆ ರೊಟ್ಟಿ ಬುತ್ತಿ ತಂದ ದಿನ ನನಗೆ ಅಲ್ಲೇ, ಆ ಕೂಟದ ನಡುವೆಯೇ ಕಣ್ಣಿಗೆ ಕಟ್ಟಿತು. ಲಾರಿ ಕಾಟಾದ ಮೇಲೆ ನಿಂತಿತ್ತು, ಡ್ರೈವರ್ ಬಾಷಾ ಚಾಚಾ ಸೀಟು ಬಿಟ್ಟು ಏಳಲೊಲ್ಲರು. "ಇಳೀರಿ ಚಾಚಾ. ನಾ ತೂಗಾದು ಅದಿರು, ನಿಮ್ಮನ್ನ ಮಾರಾಕ ಹೊಂಟಿಲ್ಲ," ಅಂದೆ ನೀನು. ಅವರ ಮೊಣಕಾಲು ನೋವು, ಒಂದೊಂದೇ ಮೆಟ್ಟಿಲು ಹಿಡಿದು ಇಳಿದರು. ನೀನು ಗಡಿಯಾರ ನೋಡುತ್ತಿದ್ದೆ. "ಏಳು ಸೆಕೆಂಡು ಅಕ್ಕಾ. ಈತ ಇಳಿಯೋತನ ಕಾದ್ರ ಉಳಿದವರೆಲ್ಲಾ ಇಳಿದಿರ್ತಾರ," ಅಂದಿದ್ದೆ. ನಾನು ರೊಟ್ಟಿ ಆರುತ್ತದೆ ಅಂತ ಬೈದಿದ್ದೆ.

ಎದ್ದು ನಿಂತು ಅಷ್ಟನ್ನೂ ಹೇಳಿದೆ. ಸುಮಂಗಲಾ ಇಂಗ್ಲಿಷಿಗೆ ತಿರುಗಿಸಿದಳು. ಕೀನ್ಯಾದಾಕೆ ಕೆನ್ನೆಗೆ ಕೈ ಹಚ್ಚಿ ಕೇಳಿದಳು, ಆಮೇಲೆ ತೆಗೆಯುವುದು ಬೇಡ ಅಂದಳು. ಚೀಲ ತೂಗುವವರು ಬೇಕಾದರೆ ಅದನ್ನು ನಿಲ್ಲಿಸಿಕೊಳ್ಳಬಹುದು, ಲಾರಿ ತೂಗುವವರಿಗೆ ಹಾಗೆಯೇ ಇರಲಿ ಅಂತ ತೀರ್ಮಾನವಾಯಿತು. ಆ ಸಾಲಿನ ಪಕ್ಕ ಹುಲಿಗೆಮ್ಮ ನನ್ನನ್ನು ಕೂರಿಸಿಕೊಂಡು ಕಾರಣ ಬರೆದಳು, ಕನ್ನಡದಲ್ಲಿ: 'ಮೊಣಕಾಲು ನೋವಿರುವ ಡ್ರೈವರ್ ಕೆಳಗಿಳಿಯಲು ಬೇಕಾಗುವಷ್ಟು ಹೊತ್ತು.' ಹೇಳಿದವರು ಅಂತ ನನ್ನ ಹೆಸರು. ಹೊಸ ತಕ್ಕಡಿ ಸೋಮವಾರ ಹೊರಗೆ ಬಂತು. ಮೆಟ್ರಿ ಮಿಲ್ಲಿನ ಹೊಸ ಕಂಪ್ಯೂಟರಿನಲ್ಲಿ ಓಡುತ್ತಿದೆ, ನಾನೇ ಹೋಗಿ ನೋಡಿ ಬಂದೆ.

ನಿನ್ನೆ ಸಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಾಷಾ ಚಾಚಾ ಸಿಕ್ಕಿದ್ದರು. ಲಾರಿ ಬಿಟ್ಟು ಮನೆಯಲ್ಲಿದ್ದಾರೆ. ನಿಮ್ಮಂಥವರು ಇಳಿಯಲಿ ಅಂತ ಈಗ ಕೀನ್ಯಾದಂಥ ದೂರದ ದೇಶದಲ್ಲೂ ಕಂಪ್ಯೂಟರುಗಳು ಏಳು ಸೆಕೆಂಡು ಕಾಯುತ್ತವೆ ಅಂತ ವಿವರಿಸಿ ಹೇಳಿದೆ. ಅವರು ಮೊಣಕಾಲು ಸವರಿಕೊಂಡರು.

"ಆ ದೇಶದಾಗೂ ಡ್ರೈವರ್‌ಗಳಿಗೆ ಹಿಂಗ ನೋಯ್ತೈತೇನಮ್ಮಾ?" ಅಂದರು.

ಕೇಳಿ ಹೇಳುತ್ತೇನೆ ಅಂದಿದ್ದೇನೆ.

ನಿನ್ನ ಅಕ್ಕ,
ಶಾರದಾ