ಕೈ ನೋಡಿ ಕೊಟ್ಟ ಮಾರ್ಕು

ಮಾರ್ಚ್ 11, ಬುಧವಾರ
ಎಂಟಕ್ಕೆ ಕ್ಲಾಸು. ಹದಿನಾಲ್ಕು ಜನ. ಪೆರು ದೇಶದ ಈ ಪಿಯೂರಾದ ಸೆಕೆ, ಗೋಡೆಗೂ ಬೆವರು. ಚೀನೀ ಭಾಷೆಯ ಸ್ವರಪಾಠ ಮತ್ತೆ ಮೊದಲಿಂದ. ‘ಮಾಯ್’ ಇಳಿದು ಏರಿದರೆ ಕೊಳ್ಳು, ನೇರ ಕೆಳಗೆ ಬಿದ್ದರೆ ಮಾರು. ನಡುವೆ ಎಲ್ಲರೂ ಫ್ಯಾನ್ ನೋಡಿ ನಕ್ಕರು. “ಟೀಚರ್, ಕತ್ತೆ ಥರ ಕಿರುಚ್ತಿದೆ ಅದು, ನಿಮಗೆ ತಲೆನೋವು ಬರಲ್ವಾ?” ನಾನೂ ನಕ್ಕೆ. ಫ್ಯಾನ್ ತಿರುಗೋದು ಕಾಣ್ತಿತ್ತು. ಅಷ್ಟೇ.

ಮಾರ್ಚ್ 13
ಡಾಕ್ಟರ್ ಚೀಟಿಯಲ್ಲಿ ಬರೆದು ತೋರಿಸಿದ. ಎಡಗಿವಿ ಹೋಗಿದೆ. ಬಲಗಿವಿ ಹೋಗ್ತಿದೆ. ಯಂತ್ರ ಹಾಕಿದರೆ ಮಾತು ಒಂದಿಷ್ಟು ಸಿಗಬಹುದು. ಸ್ವರದ ಏರಿಳಿತ — ಅನುಮಾನ.
ಸ್ಪ್ಯಾನಿಷ್ ಆದರೆ ತುಟಿ ನೋಡಿ ಹಿಡೀತೀನಿ. ಚೀನೀ ಸ್ವರ ತುಟಿಯಲ್ಲಿ ಇರಲ್ಲ.
ನನ್ನನ್ನ ಇಲ್ಲಿಗೆ ಕಳಿಸಿದ, ಚೀನಾದ ನಮ್ಮೂರಿನ ವಿಶ್ವವಿದ್ಯಾಲಯಕ್ಕೆ ಗೊತ್ತಾದರೆ ವಾಪಸ್ ಕರೆಸ್ಕೋತಾರೆ. ನನಗೆ ನಲವತ್ತೊಂಬತ್ತು ವರ್ಷ. ಗಂಡ ಬಿಟ್ಟು ಹನ್ನೊಂದಾಯ್ತು. ಆರು ವರ್ಷದಿಂದ ಇಲ್ಲಿನ ಚೀನೀ ಕೇಂದ್ರವೇ ಮನೆ. ಈ ಕ್ಲಾಸು ಬಿಟ್ಟರೆ ನಾನು ಯಾರು?
ಯಾರಿಗೂ ಹೇಳಲ್ಲ.

ಏಪ್ರಿಲ್ 6
ಉಪಾಯ ಸಿಕ್ತು. ಇನ್ನು ಮೇಲೆ ಪ್ರತಿ ಪದಕ್ಕೂ ಮಕ್ಕಳು ಕೈ ಆಡಿಸಬೇಕು. ಸ್ವರ ಏರಿದರೆ ಕೈ ಮೇಲೆ, ಬಿದ್ದರೆ ಕೆಳಗೆ. ಕೈ ನೋಡಿ ಮಾರ್ಕು ಹಾಕ್ತೀನಿ.
ನೆಲಿದಾಳದೇ ಮೊದಲ ನಂಬರ್. ಪಾಯ್ತಾ ಬಂದರಿನವಳು. ಅವಳಮ್ಮ ಹದಿನೆಂಟು ವರ್ಷದಿಂದ ಬೊಂಡಾಸ ಮೀನು ಸೀಳ್ತಾಳೆ, ಕೊಳ್ಳೋರೆಲ್ಲ ಚೀನಾದವರು. “ಅಮ್ಮನ ಕಡೆಯಿಂದ ಅವರ ಹತ್ರ ಮಾತಾಡೋಕೆ ಒಂದು ಬಾಯಿ ಬೇಕಲ್ಲ ಟೀಚರ್?” ನಮ್ಮ ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್ ಮೇಲೆ ಕಣ್ಣು. ವಯಸ್ಸಿನ ಮಿತಿ ದಾಟೋದ್ರೊಳಗೆ ಇದೊಂದೇ ವರ್ಷ ಉಳಿದಿದೆ.

ಮೇ 20
ಅಬೆಲಾರ್ದೊ ಅವರು ನಮ್ಮ ಕ್ಲಾಸಿನ ಕೈಗಳ ವಿಡಿಯೊ ಊರಿಗೆ ಕಳಿಸಿದಾರೆ. ಇಲ್ಲಿನ ನಿರ್ದೇಶಕರು, ಒಳ್ಳೆಯ ಮನುಷ್ಯ, ನಮ್ಮ ವಿಶ್ವವಿದ್ಯಾಲಯದ ಜೊತೆ ಕೇಂದ್ರದ ಒಪ್ಪಂದ ನವೀಕರಣ ಆಗಲಿ ಅಂತ ಒದ್ದಾಟ. ಅಲ್ಲಿಂದ ಡೀನ್ ಶೆನ್ ಪತ್ರ: ‘ಹೊಸ ವಿಧಾನ’. ಜುಲೈನಲ್ಲಿ ಖುದ್ದು ಬಂದು ನೋಡ್ತಾರಂತೆ.


ಜುಲೈ 14
ನೆಲಿದಾ ಫೇಲ್. ಸ್ಕಾಲರ್‌ಶಿಪ್ಪಿನ ಮೌಖಿಕ ಪರೀಕ್ಷೆಗೆ ಲಿಮಾಕ್ಕೆ ರಾತ್ರಿಯಿಡೀ ಬಸ್ಸಲ್ಲಿ ಹೋಗಿದ್ದಳು.
ಇವತ್ತು ಕ್ಲಾಸಿಗೆ ನುಗ್ಗಿದಳು. “ಕೊಳ್ತೀನಿ ಅನ್ನೋ ಕಡೆಯೆಲ್ಲ ಮಾರ್ತೀನಿ ಅಂದೆನಂತೆ. ಮುಸಿಮುಸಿ ನಕ್ಕರು ಟೀಚರ್! ನೀವು ಇಷ್ಟು ತಿಂಗಳು ಭೇಷ್ ಭೇಷ್ ಅಂತ ತಲೆ ಆಡಿಸಿದ್ರಲ್ಲ!”
ಪರೀಕ್ಷಕರು ಕಠಿಣ ಅಂತ ಏನೋ ತೊದಲಿದೆ. ಅವಳು ನನ್ನ ಬೆನ್ನ ಹಿಂದೆ ಹೋದಳು. ನಾನು ಬೋರ್ಡು ಒರೆಸ್ತಿದ್ದೆ. ತಿರುಗಿದಾಗ ಅವಳ ಮುಖ ಬಿಳುಚಿತ್ತು.
“ಈಗ ನಾನೇನಂದೆ, ಹೇಳಿ.”
ಕೈಲಿದ್ದ ಡಸ್ಟರ್ ಮೇಜಿನ ಮೇಲಿಟ್ಟೆ.
“ನಿಮ್ಮನ್ನ ಬೈದೆ. ಕೆಟ್ಟ ಬೈಗುಳ. ಮೂರು ಸಲ.”
ಇಷ್ಟು ತಿಂಗಳೂ ಅವಳ ಕೈ ಸರಿ ಇತ್ತು. ಬಾಯಿ ತಪ್ಪಿತ್ತು. ಒಂದೇ ಒಂದು ಸಲವೂ ನನಗೆ ಕೇಳಿಸಲಿಲ್ಲ.

ಜುಲೈ 15
ಮತ್ತೆ ಬಂದಳು. ಬೈಯಲಿಲ್ಲ. ಅದೇ ಕಷ್ಟ. ಕಲಿಸಿದವರೇ ತಮ್ಮ ತಪ್ಪು ಅಂತ ಬರಹದಲ್ಲಿ ಕೊಟ್ಟರೆ ಮರುಪರೀಕ್ಷೆ ಕೊಡ್ತಾರಂತೆ. ಹದಿನೆಂಟನೇ ತಾರೀಖು ಕೊನೆ.
“ನಿಮಗೆ ಏನಾಗತ್ತೆ ಅಂತ ಗೊತ್ತು ಟೀಚರ್. ಆದ್ರೂ ಕೇಳ್ತಿದೀನಿ.”
ಕ್ಯಾಲೆಂಡರಿನಲ್ಲಿ ಹದಿನೆಂಟರ ಸುತ್ತ ಗೆರೆ ಎಳೆದೆ. ಹೋದಳು.

ಜುಲೈ 17
ಡೀನ್ ಬಂದರು. ಹದಿಮೂರು ಕೈ ಒಟ್ಟಿಗೆ ಎದ್ದವು, ಬಿದ್ದವು. ಅತಿಥಿಗಳ ಅಂಗೈಗಳು ಒಂದಕ್ಕೊಂದು ಬಡಿದವು — ಚಪ್ಪಾಳೆ ಅಂತ ಕಣ್ಣಿಗೆ ಗೊತ್ತಾಯ್ತು. ನೆಲಿದಾಳ ಕುರ್ಚಿ ಖಾಲಿ.
ಊಟಕ್ಕೆ ಕೂತಾಗ ಅಬೆಲಾರ್ದೊ ಕೈಗೆ ನನ್ನ ತಪ್ಪೊಪ್ಪಿಗೆಯ ಕಾಗದ ಕೊಟ್ಟೆ. ಓದಿದರು. ಮಡಚಿದರು. ಮೀನಿನ ತಟ್ಟೆಯ ಅಡಿಗೆ ತಳ್ಳಿದರು.
“ಇದನ್ನ ನಾನು ನೋಡಲೇ ಇಲ್ಲ, ವೆನ್ಲಿ ಮೇಡಂ. ನಾಳೆ ಒಪ್ಪಂದಕ್ಕೆ ಸಹಿ. ಒಂದು ಹುಡುಗಿಗೋಸ್ಕರ ಇಡೀ ಕೇಂದ್ರ ಮುಳುಗಿಸ್ತೀರಾ?”
“ಅವಳನ್ನ ಮುಳುಗಿಸಿದ್ದೇ ನಾನು.”
“ಸ್ವಲ್ಪ ಮೆಲ್ಲಗೆ! ಕಿರುಚ್ತಿದೀರ.”
ನನ್ನ ದನಿ ಎಷ್ಟು ಜೋರು ಅನ್ನೋದೂ ಗೊತ್ತಾಗ್ತಿಲ್ಲ ಈಗ. ಇಡೀ ಮೇಜು ನನ್ನನ್ನೇ ನೋಡ್ತಿತ್ತು.

ಜುಲೈ 18, ಬೆಳಗ್ಗೆ 7
ಕಳಿಸಿದೆ. ಅದೇ ಕಾಗದ, ಮೇಲ್‌ನಲ್ಲಿ: ಲಿಮಾಕ್ಕೊಂದು, ಡೀನ್‌ಗೊಂದು ಪ್ರತಿ. ಎರಡು ಸಲ ತಪ್ಪು ವಿಳಾಸ ಹೊಡೆದೆ.

ಜುಲೈ 21
ಸಹಿ ಮುಂದೂಡಿದರು. ಅಬೆಲಾರ್ದೊ ಕಾರಿಡಾರಿನಲ್ಲಿ ಎದುರಾದರೂ ಮಾತಿಲ್ಲ. ನನಗೆ ವಾಪಸ್ ಆದೇಶ, ಟಿಕೆಟ್ ಸಮೇತ, 31ಕ್ಕೆ. ಮಿಕ್ಕ ಮಕ್ಕಳಿಗೆ ಇನ್ನು ಯಾರು ಕಲಿಸ್ತಾರೋ.
ನೆಲಿದಾಗೆ ಮರುಪರೀಕ್ಷೆ. ಅದೂ 31ಕ್ಕೇ.

ಜುಲೈ 24
ಪಾಯ್ತಾದಲ್ಲಿ ನೆಲಿದಾ ಮನೆ. ಮೊಬೈಲಿನಲ್ಲಿ ಒಂದು ಆ್ಯಪ್, ದನಿ ಗೆರೆಯಾಗಿ ಬರುತ್ತೆ. ಅವಳು ಹೇಳ್ತಾಳೆ, ನಾನು ಗೆರೆ ನೋಡಿ ತಿದ್ದುತೀನಿ. ಕೆಳಗೆ. ಇನ್ನೂ ಕೆಳಗೆ. ಈಗ ಎತ್ತು.
“ಇದು ಮೊದಲೇ ಯಾಕೆ ಹೊಳೀಲಿಲ್ಲ ಟೀಚರ್?”
ಹೊಳೆದಿತ್ತು. ಮೊಬೈಲ್ ಹಿಡಿದರೆ ಕಿವಿ ಏನಾಯ್ತು ಅಂತ ಕೇಳ್ತಾರೆ ಅಂತ ಸುಮ್ಮನಿದ್ದೆ. ಹಾಗೇ ಹೇಳಿದೆ. ಅವಳು ಮೊಬೈಲ್ ಕವುಚಿ ಇಟ್ಟಳು. ಅವಳಮ್ಮ ಬಂದು ಇಬ್ಬರ ಮುಂದೂ ಬಿಸಿ ಸೂಪಿಟ್ಟು ಹೋದಳು. ನನ್ನ ಮುಖ ನೋಡಲಿಲ್ಲ.

ಜುಲೈ 29
ಆರು ದಿನ, ದಿನಕ್ಕೆ ಏಳು ಗಂಟೆ. ಅವಳ ಗಂಟಲು ಕಟ್ಟಿದೆಯಂತೆ. ಗೆರೆ ಹತ್ತರಲ್ಲಿ ಏಳು ಸಲ ಸರಿ. ಏಳು ಸಾಕಾ? ಗೊತ್ತಿಲ್ಲ. ಸಂಜೆ ಬಸ್ ಹತ್ತಿಸಿದೆ. ಕಾಲು ಹಿಡಿಯೋಣ ಅನ್ನಿಸ್ತು. ಚೀಲ ಎತ್ತಿ ಕೊಟ್ಟೆ, ಅಷ್ಟೇ. ಫಲಿತಾಂಶ ಬರೆದು ಕಳಿಸು ಅಂದೆ.

ಜುಲೈ 31, ಪಿಯೂರಾ ವಿಮಾನ ನಿಲ್ದಾಣ, 11.40
ಹತ್ತಕ್ಕೆ ಪರೀಕ್ಷೆ. ಮುಗಿದಿರಬೇಕು. ಮೆಸೇಜ್ ಇಲ್ಲ.
11.55 — ಇಲ್ಲ.
12.10 — ಫೋನ್ ನಡುಗ್ತಿದೆ. ನೆಲಿದಾ. ಕರೆ ಮಾಡ್ತಿದ್ದಾಳೆ! ನನಗೆ ಕೇಳಲ್ಲ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು... ಎತ್ತಿದೆ. ಕಿವಿಗೆ ಒತ್ತಿದೆ. ಗುಂಯ್ ಅನ್ನುತ್ತೆ. ಅಳುವೋ, ನಗುವೋ. ವಿಮಾನಕ್ಕೆ ಸಾಲು ನಿಲ್ತಿದಾರೆ. ಪಕ್ಕದಲ್ಲಿ ಕೂತ ಹೆಂಗಸಿನ ಕೈಗೆ ಫೋನ್ ತುರುಕಿದೆ — ಏನಂತಾಳೆ, ದಯವಿಟ್ಟು ಕೇಳಿ ಹೇಳಿ ಅಂದೆ. ಕೇಳ್ತಿದ್ದಾಳೆ. ತಲೆ ಆಡಿಸ್ತಿದ್ದಾಳೆ. ನನ್ನನ್ನೇ ನೋಡ್ತಿದ್ದಾಳೆ. ಈಗ ಫೋನ್ ಕೆಳಗಿಟ್ಟಳು, ಬಾಯಿ ತೆರೆದಳು. ಅವಳ ತುಟಿಯನ್ನೇ ನೋಡ್ತಿದೀನಿ.