ಕಾಲಿಗೆ ಬೇರೆ ಮಣೆ

ಕೊಡೇರಿ
೧೮-೧೦-೨೦೨೪

ಚಿ. ಸೌ. ಶರ್ಮಿಳಾಳಿಗೆ ಅತ್ತೆ ವನಜ ಮಾಡುವ ಆಶೀರ್ವಾದ. ಹೀಗೆ ಬರೆಯುವುದು ಕ್ರಮ, ಬರೆದಿದ್ದೇನೆ. ಕ್ಷೇಮ ಕೇಳುವುದೂ ಕ್ರಮವೇ. ಆದರೆ ನಿನ್ನ ಕ್ಷೇಮವನ್ನು ಹೋದ ಭಾನುವಾರ ನಿನ್ನ ಗಂಡನೇ ಬಂದು ಹೇಳಿ ಹೋಗಿದ್ದಾನೆ. ಅದನ್ನೇ ಇನ್ನೊಮ್ಮೆ ಕೇಳುವ ಅಗತ್ಯವಿಲ್ಲ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದುಕೊಳ್ಳುತ್ತಿ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತಿ. ಕಾಗದದಲ್ಲಿ ಆ ತೊಂದರೆ ಇಲ್ಲ.

ರವಿರಾಜ ಬಂದದ್ದು ನನ್ನನ್ನು ನೋಡಲಿಕ್ಕಲ್ಲ. ಊಟ ಮುಗಿಸಿ, ಕೈ ತೊಳೆದು, ಬಚ್ಚಲ ಬಾಗಿಲಲ್ಲೇ ನಿಂತು ಅಪ್ಪನ ಮಣೆ ಬೇಕು ಎಂದ. ಬರುವ ಅಮಾವಾಸ್ಯೆಗೆ ಹಿರಿಯರಿಗೆ ಬಡಿಸುವುದನ್ನು ಬ್ರಹ್ಮಾವರದ ಬಾಡಿಗೆ ಮನೆಯಲ್ಲೇ ಮಾಡುತ್ತೀರಂತೆ. ಹೇಳುವಾಗ ಮುಖ ಬಾವಿಯ ಕಡೆಗಿತ್ತು. ಮಾತು ಅವನದಲ್ಲ ಎಂದು ನನಗೆ ಆಗಲೇ ತಿಳಿಯಿತು. ನನ್ನ ತಮ್ಮ ಗುಡ್ಡ ಜಗಲಿಯಲ್ಲಿ ವೀಳ್ಯ ಹಾಕುತ್ತಾ ಕೂತವನು, "ಅಪ್ಪಯ್ಯನ್ನ ಬೈಕಿನ್ ಹಿಂದ್ ಕೂರ್ಸ್ಕಂಡ್ ಹೋತ್ಯಾ ಮಾರಾಯಾ? ಹೆಲ್ಮೆಟ್ ತಂದಿದ್ಯಾ?" ಎಂದು ಕೇಳಿದ. ರವಿರಾಜ ನಕ್ಕ. ನಾನು ನಗಲಿಲ್ಲ.

ಮಣೆ ಕೊಡುವುದಿಲ್ಲ. ಈ ಕಾಗದದ ಮುಖ್ಯ ವಿಷಯ ಇದೇ. ಉಳಿದದ್ದನ್ನು ಓದದಿದ್ದರೂ ನಡೆಯುತ್ತದೆ.

ನಿನ್ನ ಮಾವ ಗಂಗೊಳ್ಳಿ ಬಂದರಿನಿಂದ ಎಷ್ಟು ಹೊತ್ತಿಗೆ ಬಂದರೂ ಆ ಮಣೆಯ ಮೇಲೆ ಕೂತೇ ಉಂಡವರು. ರವಿರಾಜ ಊಟದ ಮೇಜು ತಂದ ಮೇಲೂ ಅದಕ್ಕೆ ಕೈ ಊರಿ ನಿಂತದ್ದುಂಟು, ಕೂತದ್ದಿಲ್ಲ. ಅವರು ಹೋದ ಮೇಲೆ ವರ್ಷಕ್ಕೊಂದು ದಿನ ಆ ಮಣೆ ಇಟ್ಟು, ಎಲೆ ಹಾಕಿ, ಮೀನು ಪದಾರ್ಥ ಬಡಿಸಿ, ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ನಿಲ್ಲುತ್ತೇವೆ. ಅವರು ಉಂಡು ಏಳುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಮಣೆ ಇರುವಲ್ಲಿಗೆ ಅವರು ಬರುತ್ತಾರೆ. ಅದನ್ನು ನೀವು ಕೊಂಡುಹೋದರೆ ನಾನು ಯಾರಿಗೆಂದು ಬಡಿಸಿ, ಯಾರಿಗೆಂದು ಹೊರಗೆ ನಿಲ್ಲಲಿ?

ನಿನ್ನ ತವರು ಗುಲ್ವಾಡಿಯಲ್ಲಿ ಹಿರಿಯರಿಗೆ ಚಾಪೆ ಹಾಸುವುದು, ಮಣೆ ಇಡುವುದಿಲ್ಲ, ಹಾಗಾಗಿ ಗೊತ್ತಾಗಲಿಲ್ಲ ಎಂದು ಕಳೆದ ವರ್ಷ ಜಗಳದ ದಿನ ನೀನು ಹೇಳಿದ್ದಿ. ಇರಬಹುದು. ನಾನೂ ನಿನಗೆ ಹೇಳಿರಲಿಲ್ಲ. ಆದರೆ ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟ ವಸ್ತುವನ್ನು ಇಳಿಸುವ ಮೊದಲು ಒಂದು ಮಾತು ಕೇಳಬಹುದಿತ್ತು. ನೀನು ಈ ಮನೆಯಲ್ಲಿ ಯಾವುದನ್ನು ಕೇಳಿ ತೆಗೆದುಕೊಂಡೆ? ವಿಮಾ ಕಂಪನಿಯ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತೇನೆ ಎಂದಾಗ ನಾನು ಬೇಡ ಎನ್ನಲಿಲ್ಲ. ಒಂದು ಮೂಲೆ ಸಾಕು ಎಂದಿದ್ದಿ. ಮೊದಲು ಊಟದ ಮೇಜು ಕಿಟಕಿಯ ಹತ್ತಿರ ಹೋಯಿತು. ಕಂಪ್ಯೂಟರ್ ಕಣ್ಣಿನ ಮಟ್ಟಕ್ಕೆ ಬರಬೇಕೆಂದು ಅದರಡಿಗೆ ನನ್ನ ಹಪ್ಪಳದ ಡಬ್ಬ ಬಂತು. ಮೇಜು ಎತ್ತರವಾಯಿತೆಂದು ಕುರ್ಚಿಗೆ ಕಂಬಳಿ ಮಡಚಿ ಹಾಕಿದೆ. ಸೊಂಟಕ್ಕೆ ಆನಿಕೆ ಬೇಕೆಂದು ನನ್ನ ದಿಂಬು. ವಯರುಗಳಿಗೆ ಮೀನಿನ ಬುಟ್ಟಿ, ತೊಳೆದು ಬಿಸಿಲಿಗೆ ಒಣಗಿಸಿದ್ದಿ, ಅದನ್ನು ಇಲ್ಲವೆನ್ನುವುದಿಲ್ಲ. ಕಂಬಳಿಯ ಮೇಲೆ ಕೂತಾಗ ಕಾಲು ನೆಲಕ್ಕೆ ಮುಟ್ಟುವುದಿಲ್ಲ ಎಂದು ಕೊನೆಗೆ ಆ ಮಣೆ.

ಅದಕ್ಕೂ ಮೊದಲಿನ ಒಂದು ವಿಷಯವಿದೆ. ಇದನ್ನು ರವಿರಾಜನಿಗೆ ನಾನು ಹೇಳಿಲ್ಲ, ನೀನೂ ಹೇಳಿರಲಾರೆ. ಮೀಟಿಂಗಿನವರಿಗೆ ನಿನ್ನ ಬೆನ್ನ ಹಿಂದೆ ಅಡುಗೆಮನೆ ಕಾಣಬಾರದೆಂದು ನನ್ನ ಹಳೆಯ ಸೀರೆಯನ್ನು ಹಗ್ಗಕ್ಕೆ ಇಳಿಬಿಟ್ಟಿದ್ದಿ. ಒಂದು ದಿನ ನಿನ್ನ ಮೀಟಿಂಗಿನಲ್ಲಿ ಯಾರೋ, ಆ ಕರಕರ ಸದ್ದು ಎಲ್ಲಿಯದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನೀನು ಪಕ್ಕದ ಮನೆಯದು ಎಂದೆ. ನಾನು ಸೀರೆಯ ಈಚೆ ಕೂತು ಕಾಯಿ ತುರಿಯುತ್ತಿದ್ದೆ. ಹೈಸ್ಕೂಲು ಓದಿದವಳಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ. ಕಾಯಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅಂದು ಸಾರಿಗೆ ರುಚಿ ಇಲ್ಲ ಎಂದು ನೀನೇ ಹೇಳಿದ್ದು.

ಹಾಗಾಗಿ ಕಳೆದ ವರ್ಷ ಬಡಿಸುವ ದಿನ, ಅಟ್ಟದಲ್ಲಿ ಬರೀ ಬಟ್ಟೆ ಕಂಡು, ಕೆಳಗೆ ಬಂದು ಹುಡುಕಿ, ಮಣೆ ನಿನ್ನ ಪಾದದಡಿಯಲ್ಲಿ ಸಿಕ್ಕಿದಾಗ, ನೀನು ಮೀಟಿಂಗಿನಲ್ಲಿದ್ದಿ ಎಂದು ನಾನು ದನಿ ತಗ್ಗಿಸಲಿಲ್ಲ. "ಸತ್ತವ್ರ್ ಉಂಬ ಮಣಿ ಮೇಲ್ ಕಾಲ್ ಇಟ್ಕಂಡ್ ಕೂಕಂಡಿದ್ಯಾ" ಎಂದು ಮಣೆಯನ್ನು ಎಳೆದೆ. ನಿನ್ನ ಕಂಪನಿಯವರೆಲ್ಲ ಕೇಳಿಸಿಕೊಂಡರು ಎಂದು ನೀನು ಕಣ್ಣೀರು ಹಾಕಿದೆ. ಕೇಳಲಿ ಎಂದೇ ಹೇಳಿದ್ದು. ಪಕ್ಕದ ಮನೆಯವಳಿಗೂ ಬಾಯಿ ಇದೆ ಎಂದು ಗೊತ್ತಾಗಲಿ ಎಂದು. ನೀನು ಅದೇ ವಾರ ಬಟ್ಟೆ ಕಟ್ಟಿದೆ. ತನ್ನ ಮಲ್ಪೆಯ ಕೆಲಸಕ್ಕೆ ಬ್ರಹ್ಮಾವರವೇ ಹತ್ತಿರ ಎಂದು ರವಿರಾಜನಿಗೆ ಆಗಲೇ ಹೊಳೆದದ್ದು.

ನೀನು ಬಿಟ್ಟುಹೋದ ಸಾಮಾನು ಇದ್ದಲ್ಲಿಯೇ ಇದೆ. ಸರಿಸಲು ಯಾರಿಗೂ ಪುರುಸೊತ್ತಾಗಲಿಲ್ಲ, ಅಷ್ಟೇ. ಗುಡ್ಡ ಮಾತ್ರ ಆ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾನೆ. ಎದ್ದು ಹೋಗು ಎಂದರೆ, "ಅಕ್ಕ, ಆಪೀಸ್ ಟೈಮಿನಗೆ ಗಲಾಟಿ ಮಾಡ್ಬೇಡ" ಅನ್ನುತ್ತಾನೆ. ಈಗ ನನಗೆ ಆ ಜಾಗ ಬೇಕು. ನಾಳೆ ಬಾಡಿಗೆ ಟೆಂಪೋದ ಶೇಖರ ಈ ಕಾಗದದ ಜೊತೆಗೇ ಮೇಜು, ಕುರ್ಚಿ, ಕಂಬಳಿ, ದಿಂಬು ಎಲ್ಲವನ್ನೂ ತರುತ್ತಾನೆ. ನೀನು ಅಲ್ಲಿ ಮಂಚದ ಮೇಲೆ ಕೂತು, ಮಡಿಲಲ್ಲಿ ದಿಂಬಿಟ್ಟು ಕೆಲಸ ಮಾಡಿ ಸೊಂಟ ಹಿಡಿಸಿಕೊಂಡಿದ್ದಿ ಎಂದು ರವಿರಾಜ ಹೇಳಿದ. ಅದಕ್ಕಾಗಿ ಕಳುಹಿಸುತ್ತಿದ್ದೇನೆ ಎಂದು ತಿಳಿಯಬೇಡ. ಡಬ್ಬವನ್ನೂ ಇಟ್ಟುಕೋ, ಅದರ ಮುಚ್ಚಳ ಹೇಗೂ ನಿನ್ನ ಕಂಪ್ಯೂಟರಿನ ಭಾರಕ್ಕೆ ತಗ್ಗಿದೆ. ಸೀರೆ ಕಳುಹಿಸಿಲ್ಲ. ಅಲ್ಲಿ ಮರೆಮಾಡುವಂಥದ್ದು ನಿನಗೆ ಏನೂ ಇಲ್ಲವಲ್ಲ.

ಅಮಾವಾಸ್ಯೆಗೆ ಇಲ್ಲಿ ಬಡಿಸುತ್ತೇನೆ. ಬನ್ನಿ ಎಂದು ಮಗನನ್ನೂ ಸೊಸೆಯನ್ನೂ ಕಾಗದ ಬರೆದು ಕರೆಯುವ ಸಂಪ್ರದಾಯ ನಮ್ಮಲ್ಲಿಲ್ಲ. ಬಂದರೆ ಬಾಗಿಲ ಹೊರಗೆ ಎಲ್ಲರ ಜೊತೆ ನಿಲ್ಲಬೇಕು, ಫೋನು ಬಂದ್ ಮಾಡಿ. ಬರದಿದ್ದರೆ ಗುಡ್ಡನೂ ನಾನೂ ನಿಲ್ಲುತ್ತೇವೆ.

ಇಷ್ಟೇ.

ನಿನ್ನ ಅತ್ತೆ,
ವನಜ

ವಿ. ಸೂ.: ಟೆಂಪೋದಲ್ಲಿ ಗೋಣಿ ಸುತ್ತಿದ ಒಂದು ಹೊಸ ಮಣೆ ಇದೆ. ಹಳೆಯದರ ಹಾಗೆ ಹಲಸಿನ ಮರದ್ದೇ, ಚಂದ್ರ ಆಚಾರಿ ಮಾಡಿದ್ದು. ಅದು ನಿನ್ನ ಕಾಲಿಗೆ. ಗೋಣಿ ಬಿಚ್ಚುವ ಮೊದಲೇ ರವಿರಾಜನಿಗೆ ತಿಳಿಸು, ಅಪ್ಪನದು ಬಂತೆಂದು ಅವನು ಹಿಗ್ಗುವುದು ಬೇಡ. ಹಳೆಯದಕ್ಕಿಂತ ಎರಡು ಬೆರಳು ಎತ್ತರ ಮಾಡಿಸಿದ್ದೇನೆ. ನಿನ್ನ ಎತ್ತರ, ನನ್ನ ಎತ್ತರ ಒಂದೇ. ಗುಡ್ಡ ಪೇಟೆಗೆ ಹೋದಾಗ ಬಾಗಿಲು ಹಾಕಿಕೊಂಡು, ಕಂಬಳಿಯ ಮೇಲೆ ಕೂತು, ಹಳೆಯ ಮಣೆಯ ಮೇಲೆ ಕಾಲಿಟ್ಟು ನೋಡಿದೆ. ಹಿಮ್ಮಡಿ ಊರುವುದಿಲ್ಲ. ಅಳತೆ ಸಿಗಲು ಬೇರೆ ದಾರಿ ಇರಲಿಲ್ಲ. ನಿನ್ನ ಮಾವ ಏನೂ ಹೇಳಲಿಲ್ಲ. ಬದುಕಿದ್ದಾಗಲೂ ನನಗೆ ಎದುರು ಮಾತಾಡಿದವರಲ್ಲ. ಅದನ್ನು ನಿನ್ನ ಕಡೆಯ ಸಾಕ್ಷಿ ಎಂದು ಹಿಡಿಯಬೇಡ.